ಬೀದಿ ಬೆಕ್ಕನ್ನು ಒಲಿಸಿಕೊಂಡು ಸಲಹುವುದು ಹೇಗೆ: ಮೊದಲ ತಟ್ಟೆಯಿಂದ ವೈದ್ಯರ ಮೇಜಿನವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಬೀದಿ ಬೆಕ್ಕಿಗೆ ಒಂದು ಬಟ್ಟಲು ಹಾಲು ಇಡುವವರು ನಮ್ಮ ಊರುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದೇ ಬೆಕ್ಕನ್ನು ಪೆಟ್ಟಿಗೆಯಲ್ಲಿ ಕೂರಿಸಿ ಪಶುವೈದ್ಯರ ಬಳಿಗೆ ಒಯ್ಯುವವರು ಕಡಿಮೆ, ಏಕೆಂದರೆ ಹಾಲು ಇಟ್ಟ ಮಾತ್ರಕ್ಕೆ ಬೆಕ್ಕು ಕೈಗೆ ಸಿಗುವುದಿಲ್ಲ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳ ಪ್ರಾಯಕ್ಕೇ ಗರ್ಭ ಧರಿಸಬಲ್ಲದು. ಸುಮಾರು ಒಂಬತ್ತು ವಾರಗಳಲ್ಲಿ ಮರಿ ಹಾಕುತ್ತದೆ, ಆ ಮರಿಗಳಿಗೆ ಹಾಲೂಡಿಸುತ್ತಿರುವಾಗಲೇ ಮತ್ತೊಮ್ಮೆ ಗರ್ಭ ಧರಿಸುವುದೂ ಉಂಟು. ಹೀಗಿರುವಾಗ ಊಟವನ್ನಷ್ಟೇ ಹಾಕಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸದೆ ಬಿಟ್ಟರೆ, ಒಂದು ಬೆಕ್ಕಿದ್ದ ಜಾಗದಲ್ಲಿ ವರ್ಷದೊಳಗೆ ಏಳೆಂಟು ಬೆಕ್ಕುಗಳಾಗುತ್ತವೆ. ಅವುಗಳಲ್ಲಿ ಹಲವು ವಾಹನದ ಚಕ್ರಕ್ಕೋ ನಾಯಿಯ ಬಾಯಿಗೋ ಸೋಂಕಿಗೋ ಸಿಕ್ಕಿ ಸಾಯುತ್ತವೆ. ಆದ್ದರಿಂದ ಇಲ್ಲಿ ಹೇಳಿರುವ ಪ್ರತಿಯೊಂದು ಹಂತವೂ ಬೆಕ್ಕು ತಾನಾಗಿ ಪೆಟ್ಟಿಗೆಯೊಳಗೆ ಕಾಲಿಡುವ ದಿನದ ಸಿದ್ಧತೆಯೇ ಆಗಿದೆ. ಮುದ್ದಾಡುವ ಸುಖ ಅದರ ಜೊತೆಯಲ್ಲೇ ಬರುತ್ತದೆ.

ಮೊದಲ ಹಂತ: ಬೆಕ್ಕು ಯಾರದೆಂದು ತಿಳಿದುಕೊಳ್ಳಿ

ಬೀದಿಯಲ್ಲಿ ಓಡಾಡುವ ಬೆಕ್ಕುಗಳೆಲ್ಲ ಅನಾಥವಲ್ಲ. ನಮ್ಮಲ್ಲಿ ಸಾಕಿದ ಬೆಕ್ಕನ್ನೂ ಹಗಲೆಲ್ಲ ಹೊರಗೆ ಬಿಡುವುದೇ ರೂಢಿ. ನಾಲ್ಕು ಮನೆಗಳಲ್ಲಿ ನಾಲ್ಕು ಹೆಸರಿನಿಂದ ಕರೆಸಿಕೊಂಡು ನಾಲ್ಕೂ ಕಡೆ ಉಣ್ಣುವ ಬೆಕ್ಕುಗಳೂ ಇವೆ. ಅಕ್ಕಪಕ್ಕದವರನ್ನು, ಹಾಲಿನವರನ್ನು, ಕೋಳಿ ಅಂಗಡಿಯವರನ್ನು ಒಮ್ಮೆ ವಿಚಾರಿಸಿ. ಬೆಕ್ಕು ಮುಟ್ಟಿಸಿಕೊಳ್ಳುವಂಥದ್ದಾದರೆ ಕಾಗದದ ಪಟ್ಟಿಯೊಂದರಲ್ಲಿ ‘ಈ ಬೆಕ್ಕು ನಿಮ್ಮದೇ?’ ಎಂದು ಬರೆದು, ಫೋನ್ ಸಂಖ್ಯೆ ಸೇರಿಸಿ, ಎಳೆದರೆ ಹರಿದುಹೋಗುವಷ್ಟು ಸಡಿಲವಾಗಿ ಕೊರಳಿಗೆ ಅಂಟಿಸಿ ಬಿಡಬಹುದು. ದಾರ ಅಥವಾ ರಿಬ್ಬನ್ ಕಟ್ಟಬಾರದು. ಅದು ಗೇಟಿಗೋ ಕೊಂಬೆಗೋ ಸಿಕ್ಕಿಕೊಂಡರೆ ಉರುಳಾಗುತ್ತದೆ.

ಕಿವಿಗಳನ್ನು ಗಮನಿಸಿ. ಒಂದು ಕಿವಿಯ, ಸಾಮಾನ್ಯವಾಗಿ ಎಡಗಿವಿಯ, ತುದಿ ಕತ್ತರಿಯಿಂದ ನೇರವಾಗಿ ಕತ್ತರಿಸಿದಂತಿದ್ದರೆ ಆ ಬೆಕ್ಕಿಗೆ ಈಗಾಗಲೇ ಶಸ್ತ್ರಚಿಕಿತ್ಸೆ ಆಗಿದೆಯೆಂದು ತಿಳಿಯಬಹುದು. ಜಗಳದಲ್ಲಿ ಹರಿದ ಕಿವಿ ಅಂಕುಡೊಂಕಾಗಿರುತ್ತದೆ. ಗಂಡೋ ಹೆಣ್ಣೋ ಎಂದು ದೂರದಿಂದ ಊಹಿಸಲು ಬಣ್ಣವೂ ಒಂದು ಸುಳಿವು: ಬಿಳಿ, ಕಪ್ಪು, ಕೇಸರಿ ಮೂರೂ ಬಣ್ಣವಿರುವ ಬೆಕ್ಕು ಬಹುತೇಕ ಯಾವಾಗಲೂ ಹೆಣ್ಣೇ, ಪೂರ್ತಿ ಕೇಸರಿ ಬಣ್ಣದವುಗಳಲ್ಲಿ ಹೆಚ್ಚಿನವು ಗಂಡು. ದವಡೆ ಅಗಲವಾಗಿ ಮುಖ ದುಂಡಗೆ ದಪ್ಪವಾಗಿದ್ದರೆ ಅದು ಶಸ್ತ್ರಚಿಕಿತ್ಸೆಯಾಗದ ವಯಸ್ಕ ಗಂಡು ಬೆಕ್ಕು. ಹೊಟ್ಟೆಯ ಮೊಲೆಗಳು ಉಬ್ಬಿ, ಸುತ್ತಲಿನ ಕೂದಲು ಉದುರಿದ್ದರೆ ಅದು ಬಾಣಂತಿ. ಅದನ್ನು ಹಿಡಿಯುವ ಮೊದಲು ಮರಿಗಳೆಲ್ಲಿವೆ ಎಂದು ಪತ್ತೆಮಾಡಲೇಬೇಕು.

ಮರಿಗಳು ಮಾತ್ರ ಕಣ್ಣಿಗೆ ಬಿದ್ದು ತಾಯಿ ಕಾಣದಿದ್ದಾಗ ತಕ್ಷಣ ಎತ್ತಿಕೊಂಡು ಬರುವವರೇ ಹೆಚ್ಚು. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎಂದು ಹಿರಿಯರು ಹೇಳುವುದರಲ್ಲಿ ಸತ್ಯವಿದೆ. ಜಾಗ ಸರಿಯಿಲ್ಲವೆನಿಸಿದರೆ ತಾಯಿ ಒಂದೊಂದೇ ಮರಿಯನ್ನು ಕಚ್ಚಿಕೊಂಡು ಹೋಗಿ ಬೇರೆಡೆ ಇಡುತ್ತದೆ. ನಮಗೆ ಕಾಣುವುದು ಆ ಸಾಗಾಟದ ನಡುವಿನ ಮರಿಗಳಾಗಿರಬಹುದು. ಮರಿಗಳು ಬೆಚ್ಚಗೆ, ಹೊಟ್ಟೆ ತುಂಬಿ ಮಲಗಿದ್ದರೆ ದೂರದಲ್ಲಿ ನಿಂತು ಕೆಲವು ಗಂಟೆ ಕಾಯಬೇಕು. ಮೈ ತಣ್ಣಗಾಗಿದ್ದರೆ, ಇರುವೆ ಮುತ್ತಿದ್ದರೆ, ಒಂದೇ ಸಮನೆ ಕೂಗುತ್ತಿದ್ದರೆ ಮಾತ್ರ ಕೈಹಾಕಿ. ತಣ್ಣಗಾದ ಮರಿಗೆ ಮೊದಲು ಶಾಖ ಕೊಟ್ಟು ಮೈ ಬೆಚ್ಚಗಾದ ಮೇಲಷ್ಟೇ ಹಾಲು ಕೊಡಬೇಕು, ಏಕೆಂದರೆ ತಣ್ಣಗಿರುವ ಹೊಟ್ಟೆ ಹಾಲನ್ನು ಅರಗಿಸಿಕೊಳ್ಳಲಾರದು. ಬೆಕ್ಕಿನ ಮರಿಗೆಂದೇ ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುವ ಹಾಲಿನ ಪುಡಿಯನ್ನು ಕಲಸಿ, ಮರಿಯನ್ನು ಹೊಟ್ಟೆಯ ಮೇಲೆ ಮಲಗಿಸಿ ಕುಡಿಸಿ. ಮನುಷ್ಯರ ಕೂಸಿನಂತೆ ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಮೂರ್ನಾಲ್ಕು ವಾರದವರೆಗಿನ ಮರಿಗಳು ತಾವಾಗಿ ಮಲಮೂತ್ರ ವಿಸರ್ಜಿಸಲಾರವು. ಪ್ರತಿ ಬಾರಿ ಹಾಲು ಕುಡಿಸಿದ ಮೇಲೆ ಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯಿಂದ ಆ ಭಾಗವನ್ನು ಮೆಲ್ಲಗೆ ಒರೆಸುತ್ತಿರಬೇಕು.

ಮರಿಗಳ ವಿಷಯದಲ್ಲಿ ವಯಸ್ಸು ಬಹಳ ಮುಖ್ಯ. ಹುಟ್ಟಿದ ಎರಡನೇ ವಾರದಿಂದ ಏಳೆಂಟು ವಾರದ ತನಕ ಮನುಷ್ಯರ ಕೈಯಲ್ಲಿ ಆಡಿ ಬೆಳೆದ ಮರಿ ಬದುಕಿಡೀ ಮನುಷ್ಯರನ್ನು ನಂಬುತ್ತದೆ. ಆ ಅವಧಿಯಲ್ಲಿ ಮನುಷ್ಯರನ್ನೇ ಕಾಣದೆ ಬೆಳೆದದ್ದು, ಎಷ್ಟೇ ಪ್ರೀತಿ ತೋರಿದರೂ, ಊಟದ ತಟ್ಟೆಯವರೆಗಷ್ಟೇ ಬರುವ ಬೆಕ್ಕಾಗಿ ಉಳಿಯಬಹುದು. ಅಂಥದ್ದನ್ನು ಮನೆಯೊಳಗೆ ಕೂಡಿಹಾಕುವ ಹಟ ಬೇಡ. ಶಸ್ತ್ರಚಿಕಿತ್ಸೆ, ಲಸಿಕೆ, ದಿನವೂ ಊಟ, ಮಳೆಗೊಂದು ಮರೆ ಇಷ್ಟು ಸಿಕ್ಕರೆ ಅದು ಅಂಗಳದಲ್ಲೇ ಚೆನ್ನಾಗಿ ಬಾಳುತ್ತದೆ.

ಎರಡನೇ ಹಂತ: ಹೊತ್ತಿಗೆ ಸರಿಯಾಗಿ, ಒಂದೇ ಜಾಗದಲ್ಲಿ ಊಟ

ಬೆಕ್ಕಿನ ನಂಬಿಕೆ ಗಳಿಸುವುದರಲ್ಲಿ ರುಚಿಗಿಂತ ಹೊತ್ತಿನ ಪಾತ್ರ ದೊಡ್ಡದು. ದಿನಕ್ಕೆ ಎರಡು ಸಲ, ಬೆಳಿಗ್ಗೆ ಮತ್ತು ಮುಸ್ಸಂಜೆ, ಒಂದೇ ಜಾಗದಲ್ಲಿ ಒಂದೇ ತಟ್ಟೆಯಲ್ಲಿ ಊಟ ಇಡಿ. ಇಡುವಾಗ ಪ್ರತಿಸಲವೂ ಒಂದೇ ಸದ್ದು ಮಾಡಿ: ತಟ್ಟೆಯನ್ನು ಎರಡು ಬಾರಿ ತಟ್ಟುವುದೋ, ಹೆಸರು ಹಿಡಿದು ಕೂಗುವುದೋ, ಯಾವುದಾದರೂ ಸರಿ. ಮುಂದೊಂದು ದಿನ ಬೆಕ್ಕು ತಪ್ಪಿಸಿಕೊಂಡಾಗ ಅದನ್ನು ಕರೆಸಿಕೊಳ್ಳಲು ಈ ಸದ್ದೇ ಉಪಯೋಗಕ್ಕೆ ಬರುತ್ತದೆ. ಜಾಗಕ್ಕೆ ಒಂದು ಬದಿ ಗೋಡೆಯಿರಲಿ, ಆದರೆ ಓಡಿಹೋಗಲು ಎರಡು ದಾರಿಗಳಿರಲಿ. ಮೂಲೆಗೆ ಸಿಕ್ಕಿಕೊಂಡೆ ಎನಿಸಿದರೆ ಬೆಕ್ಕು ಅತ್ತ ತಲೆಹಾಕುವುದಿಲ್ಲ. ಮೆಟ್ಟಿಲ ಕೆಳಗಿನ ಜಾಗ, ನೀರಿನ ಸಂಪಿನ ಪಕ್ಕ, ಹಿತ್ತಲ ಒಗೆಯುವ ಕಲ್ಲಿನ ಹಿಂಬದಿ ಇಂಥವು ಒಳ್ಳೆಯ ತಾಣಗಳು. ಇರುವೆ ಬರದಂತೆ ಅಗಲವಾದ ತಟ್ಟೆಯಲ್ಲಿ ನೀರು ಹಾಕಿ ಅದರ ನಡುವೆ ಊಟದ ಬಟ್ಟಲು ಇಡಿ. ಅರ್ಧ ಗಂಟೆಯ ನಂತರ ಉಳಿದದ್ದನ್ನು ಎತ್ತಿ ಜಾಗ ಒರೆಸಿ. ಎತ್ತದೆ ಬಿಟ್ಟರೆ ಇಲಿ, ಹೆಗ್ಗಣ, ನಾಯಿಗಳ ಜೊತೆಗೆ ನೆರೆಯವರ ಆಕ್ಷೇಪವೂ ಬರುತ್ತದೆ.

ಇನ್ನು ಏನು ಕೊಡಬೇಕೆಂಬುದು. ಬೆಕ್ಕು ಮಾಂಸವನ್ನೇ ಅವಲಂಬಿಸಿ ಬದುಕುವ ಪ್ರಾಣಿ. ಕಣ್ಣಿಗೂ ಹೃದಯಕ್ಕೂ ಅದಕ್ಕೆ ಬೇಕೇಬೇಕಾದ ಟಾರಿನ್ ಎಂಬ ಅಂಶ ಮಾಂಸ ಮೀನುಗಳಲ್ಲಿ ಇರುತ್ತದೆ, ಅನ್ನ ಬೇಳೆಗಳಲ್ಲಿ ಇರುವುದಿಲ್ಲ. ನಾಯಿಯ ಆಹಾರದಲ್ಲಿಯೂ ಬೆಕ್ಕಿಗೆ ಸಾಲುವಷ್ಟು ಇರುವ ಭರವಸೆಯಿಲ್ಲ. ಮೂರೂವರೆಯಿಂದ ನಾಲ್ಕು ಕಿಲೋ ತೂಗುವ ನಮ್ಮ ನಾಡ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 250 ಕ್ಯಾಲೊರಿ ಬೇಕು. ಪ್ಯಾಕೆಟ್ಟಿನ ಒಣ ಆಹಾರದಲ್ಲಿ ಹೇಳುವುದಾದರೆ 50ರಿಂದ 60 ಗ್ರಾಂ. ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಯಾವುದನ್ನೂ ಹಾಕದೆ ಬೇಯಿಸಿ ಮೂಳೆ ತೆಗೆದ ಕೋಳಿ ಒಳ್ಳೆಯದು. ಈರುಳ್ಳಿ ಬೆಳ್ಳುಳ್ಳಿಗಳು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಹಾಗಾಗಿ ಸಾರಿನಿಂದ ತೆಗೆದು ತೊಳೆದ ತುಂಡೂ ಬೇಡ. ಕರಾವಳಿಯವರಿಗೆ ಬೂತಾಯಿ, ಬಂಗುಡೆಗಳು ಕೈಗೆಟಕುವ ಬೆಲೆಯಲ್ಲಿ ಸಿಗುತ್ತವೆ. ಅವನ್ನು ಬೇಯಿಸಿ ಮುಳ್ಳು ಬಿಡಿಸಿ ಕೊಡಬಹುದು. ಹಸಿ ಮೀನನ್ನೇ ದಿನವೂ ತಿಂದರೆ ಬಿ1 ಜೀವಸತ್ವದ ಕೊರತೆ ಉಂಟಾಗುತ್ತದೆ. ಈಲಿಯನ್ನು, ಅಂದರೆ ಯಕೃತ್ತನ್ನು, ವಾರಕ್ಕೊಮ್ಮೆ, ಅದೂ ಸ್ವಲ್ಪ. ಅದನ್ನೇ ಹೆಚ್ಚಾಗಿ ತಿಂದ ಬೆಕ್ಕಿನಲ್ಲಿ ಎ ಜೀವಸತ್ವ ಅತಿಯಾಗಿ ಮೂಳೆಗಳು ಕೆಡುತ್ತವೆ. ಮನೆಯಲ್ಲಿ ಬೇಯಿಸಿದ್ದನ್ನು ಮಾತ್ರ ಕೊಡುವುದಕ್ಕಿಂತ ಒಂದು ಹೊತ್ತು ಅದು, ಇನ್ನೊಂದು ಹೊತ್ತು ಬೆಕ್ಕಿನ ಪ್ಯಾಕೆಟ್ ಆಹಾರ ಎಂದು ಹಂಚಿಕೊಳ್ಳುವುದು ಪೋಷಣೆಗೂ ಜೇಬಿಗೂ ಹೊಂದುತ್ತದೆ.

ಹಾಲಿನ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಸುವಿನ ಹಾಲಿನ ಲ್ಯಾಕ್ಟೋಸ್ ಎಂಬ ಸಕ್ಕರೆ ಅರಗುವುದಿಲ್ಲ, ಭೇದಿಯಾಗುತ್ತದೆ. ಬೆಕ್ಕು ಹಾಲನ್ನು ಇಷ್ಟಪಟ್ಟು ಕುಡಿಯುತ್ತದೆ ಎಂಬುದು ನಿಜ. ಅದಕ್ಕೆ ಒಗ್ಗುತ್ತದೆ ಎಂಬುದು ಬೇರೆ ಮಾತು. ಬಟ್ಟಲಿನಲ್ಲಿ ಇಡಬೇಕಾದದ್ದು ಶುದ್ಧ ನೀರು. ಸಸ್ಯಾಹಾರಿ ಮನೆಗಳಲ್ಲಿ ಮೊಸರನ್ನ ಹಾಕಿ ಬೆಕ್ಕು ಸಾಕಿದ ಉದಾಹರಣೆಗಳನ್ನು ಎಲ್ಲರೂ ಕೊಡುತ್ತಾರೆ. ಆ ಬೆಕ್ಕು ಉಳಿದದ್ದನ್ನು ಹಿತ್ತಲಿನ ಇಲಿ, ಹಲ್ಲಿ, ಹಕ್ಕಿಗಳಿಂದ ತುಂಬಿಸಿಕೊಳ್ಳುತ್ತಿತ್ತೆಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಡುಗೆಮನೆಗೆ ಮಾಂಸ ತರಲು ಒಪ್ಪದವರು ಬೆಕ್ಕಿನ ಒಣ ಆಹಾರದ ಡಬ್ಬಿಯೊಂದನ್ನು ಹೊರಗಿನ ಕಪಾಟಿನಲ್ಲಿಟ್ಟು, ಅದಕ್ಕೆಂದೇ ಬೇರೆ ಚಮಚ ತಟ್ಟೆಗಳನ್ನು ಮೀಸಲಿಡಬಹುದು. ಅಷ್ಟನ್ನೂ ಮನೆಯವರು ಒಪ್ಪದಿದ್ದರೆ, ಒಪ್ಪುವ ನೆರೆಯವರಿಗೆ ಊಟದ ಭಾರ ವಹಿಸಿ, ತಾವು ವೈದ್ಯರ ಖರ್ಚು ಹೊರುವುದು ಸರಿಯಾದ ಹಂಚಿಕೆಯೆಂದು ನನಗೆ ತೋರುತ್ತದೆ.

ಮೂರನೇ ಹಂತ: ದೂರ ಕಡಿಮೆ ಮಾಡುವುದು

ಮೊದಲ ಕೆಲವು ದಿನ ಊಟ ಇಟ್ಟು ಒಳಗೆ ಹೋಗಿಬಿಡಿ. ಬೆಕ್ಕು ಬಂದು ತಿನ್ನುವ ರೀತಿಯನ್ನು ಕಿಟಕಿಯಿಂದ ನೋಡಿ. ಭಯವಿರುವ ಬೆಕ್ಕು ತಟ್ಟೆಯ ಹತ್ತಿರ ಹಿಂಗಾಲುಗಳನ್ನು ಮಡಚದೆ, ಓಡಲು ಅಣಿಯಾಗಿಯೇ ಬಾಗುತ್ತದೆ. ಒಂದು ತುಂಡನ್ನು ಕಚ್ಚಿಕೊಂಡು ಗಿಡದ ಮರೆಗೆ ಒಯ್ದು ತಿಂದು ಮತ್ತೆ ಬರುತ್ತದೆ. ಬಾಯಿ ಆಡುತ್ತಿದ್ದರೂ ಕಿವಿಗಳು ಒಂದೊಂದಾಗಿ ಹಿಂದಕ್ಕೆ ತಿರುಗುತ್ತಿರುತ್ತವೆ. ಅದೇ ಬೆಕ್ಕು ಮುಂಗಾಲುಗಳನ್ನು ಮಡಚಿ, ಬಾಲವನ್ನು ಮೈಗೆ ಸುತ್ತಿಕೊಂಡು ತಟ್ಟೆಯ ಮುಂದೆ ಕೂತು ತಿನ್ನತೊಡಗಿದರೆ ಜಾಗದ ಭಯ ಹೋಗಿದೆಯೆಂದು ತಿಳಿಯಬಹುದು. ಆಗ ನೀವು ಐದಾರು ಮಾರು ದೂರದಲ್ಲಿ ಕೂರಲು ಆರಂಭಿಸಿ. ನಿಲ್ಲಬೇಡಿ, ಕೂತುಕೊಳ್ಳಿ, ನಿಂತ ಮನುಷ್ಯ ಬೆಕ್ಕಿನ ಕಣ್ಣಿಗೆ ಬಹಳ ಎತ್ತರ. ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ, ಪುಸ್ತಕವನ್ನೋ ಫೋನನ್ನೋ ನೋಡುತ್ತಿದ್ದರೆ ಸಾಕು. ದಿನಕ್ಕೊಂದು ಗೇಣು, ಎರಡು ಗೇಣು ಹತ್ತಿರ ಸರಿಯಿರಿ. ಬೆಕ್ಕು ತಿನ್ನುವುದನ್ನು ನಿಲ್ಲಿಸಿ ನೋಡಿದರೆ ನೀವು ಮುಂದೆ ಬಂದದ್ದು ಹೆಚ್ಚಾಯಿತು. ಹಿಂದಿನ ದಿನದ ದೂರಕ್ಕೆ ಮರಳಿ.

ದಿಟ್ಟಿಸಿ ನೋಡುವುದು ಬೆಕ್ಕುಗಳ ನಡುವೆ ಜಗಳದ ಆಹ್ವಾನ. ಕಣ್ಣು ಕೂಡಿದಾಗ ರೆಪ್ಪೆಗಳನ್ನು ನಿಧಾನವಾಗಿ ಅರ್ಧ ಮುಚ್ಚಿ, ಒಂದು ಕ್ಷಣ ಮುಚ್ಚಿಯೇ ಇಟ್ಟು, ನಿಧಾನವಾಗಿ ತೆರೆಯಿರಿ. ಬೆಕ್ಕು ಸಾಕಿದವರು ಬಹುಕಾಲದಿಂದ ಮಾಡುತ್ತಿದ್ದ ಈ ಕ್ರಮವನ್ನು ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು. ಹೀಗೆ ಕಣ್ಣು ಕಿರಿದಾಗಿಸಿದವರಿಗೆ ಬೆಕ್ಕುಗಳೂ ಕಣ್ಣು ಕಿರಿದಾಗಿಸಿ ಉತ್ತರಿಸುತ್ತವೆ, ಅಪರಿಚಿತರಾದರೂ ಅವರ ಕೈಯತ್ತ ಬರುವ ಸಂಭವ ಹೆಚ್ಚು ಎಂಬುದು ಅವರಿಗೆ ಕಂಡುಬಂದಿತು.

ಮುಟ್ಟುವ ಕೆಲಸವನ್ನು ಬೆಕ್ಕೇ ಆರಂಭಿಸಲಿ. ನೆಲಕ್ಕೆ ಹತ್ತಿರವಾಗಿ ಬೆರಳೊಂದನ್ನು ಚಾಚಿ ಅಲುಗದೆ ಇರಿ. ಬೆಕ್ಕು ಬಂದು ಬೆರಳ ತುದಿ ಮೂಸಿ, ಕೆನ್ನೆಯನ್ನು ಉಜ್ಜಿದರೆ ಅದು ಅನುಮತಿ. ಮೊದಲು ಕೆನ್ನೆ, ಗದ್ದದ ಕೆಳಗೆ, ಕಿವಿಯ ಬುಡ ಇಷ್ಟು ಮಾತ್ರ ಸವರಿ, ಮೂರು ಸಲ ಸವರಿ ಕೈ ಹಿಂದೆ ತೆಗೆಯಿರಿ; ಇನ್ನೂ ಬೇಕಿದ್ದರೆ ಅದೇ ತಲೆಯನ್ನು ಮುಂದೆ ತರುತ್ತದೆ. ಹೊಟ್ಟೆ, ಬಾಲದ ಬುಡ, ಪಾದಗಳು ಸದ್ಯಕ್ಕೆ ಬೇಡ. ಉರುಳಿ ಹೊಟ್ಟೆ ತೋರಿಸುವುದು ನಂಬಿಕೆಯ ಗುರುತಾದರೂ ಹೊಟ್ಟೆಯನ್ನು ಮುಟ್ಟಲು ಕೊಟ್ಟ ಒಪ್ಪಿಗೆಯಾಗಿರುವುದಿಲ್ಲ. ಬಾಲದ ತುದಿ ಪಟಪಟನೆ ಬಡಿಯತೊಡಗಿದರೆ, ಕಿವಿಗಳು ಪಕ್ಕಕ್ಕೆ ಚಪ್ಪಟೆಯಾದರೆ, ಬೆನ್ನಿನ ಚರ್ಮ ಅದುರಿದರೆ ಮರುಕ್ಷಣದಲ್ಲಿ ಪರಚಬಹುದು. ಬಾಲವನ್ನು ನೆಟ್ಟಗೆ ಎತ್ತಿ ತುದಿಯನ್ನಷ್ಟೇ ಬಾಗಿಸಿಕೊಂಡು ಬರುವ ಬೆಕ್ಕಾದರೆ ಅದು ಸ್ನೇಹದಿಂದಲೇ ಬರುತ್ತಿದೆ. ಇದಕ್ಕೆಲ್ಲ ಎಷ್ಟು ದಿನ ಬೇಕೆಂದು ಲೆಕ್ಕ ಹೇಳಲಾಗದು. ಮನೆಯಲ್ಲಿ ಬೆಳೆದು ಬೀದಿಪಾಲಾದ ಬೆಕ್ಕು ಮೂರನೇ ದಿನಕ್ಕೇ ಮಡಿಲೇರಬಹುದು, ಬೀದಿಯಲ್ಲೇ ಹುಟ್ಟಿದ್ದಕ್ಕೆ ತಿಂಗಳುಗಳೇ ಬೇಕಾಗಬಹುದು.

ನಾಲ್ಕನೇ ಹಂತ: ಪೆಟ್ಟಿಗೆಯ ಪರಿಚಯ

ಜನ ಬಿಟ್ಟುಬಿಡುವ ಹಂತ ಇದೇ. ಬೆಕ್ಕಿಗೆ ಕಾಯಿಲೆಯಾದ ದಿನ ಪೆಟ್ಟಿಗೆ ಕೊಂಡು ತಂದು, ನಾಲ್ಕು ಜನ ಸೇರಿ ಅದರೊಳಗೆ ತುರುಕಿದರೆ, ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡುತ್ತಿದ್ದ ಹಾಗೆ, ಅದು ಪೆಟ್ಟಿಗೆಯನ್ನು ಕಂಡರೆ ಓಣಿಯನ್ನೇ ಬಿಟ್ಟು ಓಡುತ್ತದೆ. ಅಲ್ಲಿಯವರೆಗೆ ಗಳಿಸಿದ ನಂಬಿಕೆಯೂ ಹೋಗುತ್ತದೆ.

ಮೇಲಿನ ಮುಚ್ಚಳ ತೆಗೆಯಬಹುದಾದ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ ಎಲ್ಲಕ್ಕಿಂತ ಅನುಕೂಲ. ಬಟ್ಟೆಯ ಚೀಲದ ಜಿಪ್ಪನ್ನು ಹೆದರಿದ ಬೆಕ್ಕು ಮೂತಿಯಿಂದಲೇ ಬಿಡಿಸಿಕೊಳ್ಳುತ್ತದೆ. ಗೋಣಿಚೀಲದಲ್ಲಿ ಕಟ್ಟಿ ಒಯ್ಯುವ ಹಳೆಯ ಪದ್ಧತಿ ಖಂಡಿತ ಬೇಡ. ಪೆಟ್ಟಿಗೆಯ ಬಾಗಿಲನ್ನು ಕಳಚಿಟ್ಟು, ಒಳಗೆ ಹಳೆಯ ಹತ್ತಿ ಸೀರೆಯ ತುಂಡು ಹಾಸಿ, ಊಟದ ಜಾಗದಿಂದ ಒಂದು ಮಾರು ದೂರದಲ್ಲಿ ಇಟ್ಟುಬಿಡಿ. ನಾಲ್ಕಾರು ದಿನದ ಮೇಲೆ ತಟ್ಟೆಯನ್ನು ಪೆಟ್ಟಿಗೆಯ ಬಾಯಿಯ ಹತ್ತಿರಕ್ಕೆ, ಆಮೇಲೆ ಹೊಸ್ತಿಲಿಗೆ, ಆಮೇಲೆ ಒಳಗಿನ ತುದಿಗೆ ಸರಿಸುತ್ತ ಹೋಗಿ. ಬೆಕ್ಕು ಪೂರ್ತಿ ಒಳಹೊಕ್ಕು ತಿನ್ನುವುದು ರೂಢಿಯಾದ ಮೇಲೆ ಬಾಗಿಲು ಜೋಡಿಸಿ, ತಿನ್ನುವಾಗ ಒಂದು ಕ್ಷಣ ಮುಚ್ಚಿ ತೆರೆಯಿರಿ. ಮರುದಿನ ಅರ್ಧ ನಿಮಿಷ. ಆಮೇಲೆ ಮುಚ್ಚಿದ ಪೆಟ್ಟಿಗೆಯನ್ನು ಎತ್ತಿ ನಾಲ್ಕು ಹೆಜ್ಜೆ ನಡೆದು ಇಳಿಸಿ. ಒಯ್ಯುವ ದಿನ ಪೆಟ್ಟಿಗೆಯ ಮೇಲೆ ಟವೆಲ್ ಹೊದಿಸಿ. ಕತ್ತಲಾದರೆ ಬೆಕ್ಕು ಸುಮ್ಮನಾಗುತ್ತದೆ. ಆಟೋದಲ್ಲಾಗಲಿ ಆಸ್ಪತ್ರೆಯ ಆವರಣದಲ್ಲಾಗಲಿ, ಎಷ್ಟೇ ಕೂಗಿದರೂ, ಬಾಗಿಲು ತೆರೆಯಬೇಡಿ. ಪರೀಕ್ಷೆಯ ಕೋಣೆಯ ಬಾಗಿಲು ಕಿಟಕಿಗಳು ಮುಚ್ಚಿವೆಯೆಂದು ಖಚಿತವಾದ ಮೇಲೆಯೇ ತೆರೆಯಬೇಕು.

ಮುಟ್ಟಿಸಿಕೊಳ್ಳದ ಬೆಕ್ಕಿಗೆ ತುಳಿದರೆ ಬಾಗಿಲು ಬೀಳುವ ಬೋನು ಬೇಕಾಗುತ್ತದೆ. ಪ್ರಾಣಿದಯಾ ಸಂಸ್ಥೆಗಳಲ್ಲಿ ಕೆಲವು ಇದನ್ನು ಎರವಲು ಕೊಡುತ್ತವೆ. ಬೋನು ಇಟ್ಟು ಎಲ್ಲಿಯೂ ಹೋಗಕೂಡದು. ಬಿಸಿಲು, ನಾಯಿ, ಕುತೂಹಲದ ಮಕ್ಕಳು ಇವುಗಳ ನಡುವೆ ಸಿಕ್ಕಿಬಿದ್ದ ಬೆಕ್ಕು ಮೈ ಗಾಯ ಮಾಡಿಕೊಳ್ಳುತ್ತದೆ.

ಐದನೇ ಹಂತ: ವೈದ್ಯರ ಬಳಿ

ತಾಲ್ಲೂಕು ಕೇಂದ್ರಗಳ ಸರ್ಕಾರಿ ಪಶು ಆಸ್ಪತ್ರೆಗಳು ಹೆಚ್ಚಾಗಿ ದನಕರುಗಳನ್ನು ನೋಡುವಂಥವಾದರೂ ಬೆಕ್ಕಿಗೆ ಪ್ರಥಮ ಚಿಕಿತ್ಸೆ ಮತ್ತು ರೇಬೀಸ್ ಲಸಿಕೆಯ ಬಗ್ಗೆ ಅಲ್ಲಿ ವಿಚಾರಿಸಬಹುದು. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್, ಗದಗಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಅವುಗಳಿಗೆ ಹತ್ತಿರವಿರುವವರು ಕಾಲೇಜಿನ ಆಸ್ಪತ್ರೆಯಲ್ಲಿ ಮೊದಲು ಕೇಳುವುದು ಒಳಿತು. ಉಳಿದೆಡೆ ಖಾಸಗಿ ಕ್ಲಿನಿಕ್ಕೇ ಗತಿ. ಬೀದಿ ಬೆಕ್ಕೆಂದು ಮೊದಲೇ ಹೇಳಿದರೆ ಶುಲ್ಕ ಇಳಿಸುವ ವೈದ್ಯರೂ ಇದ್ದಾರೆ, ಕೇಳಲು ಸಂಕೋಚಪಡಬೇಕಾಗಿಲ್ಲ.

ಮೊದಲ ಭೇಟಿಯಲ್ಲಿ ಹುಳುವಿನ ಔಷಧ, ಚಿಗಟದ ಔಷಧ, ಲಸಿಕೆ ಈ ಮೂರೂ ಚರ್ಚೆಗೆ ಬರಲಿ. ಬಾಲದ ಕೆಳಗೆ ಒಣಗಿದ ಅಕ್ಕಿಕಾಳಿನಂಥ ಚೂರುಗಳು ಅಂಟಿದ್ದರೆ ಅದು ಲಾಡಿಹುಳು. ಅದು ಚಿಗಟದಿಂದಲೇ ಹರಡುವುದರಿಂದ ಎರಡಕ್ಕೂ ಒಟ್ಟಿಗೆ ಚಿಕಿತ್ಸೆಯಾಗಬೇಕು. ಕಿವಿಯೊಳಗೆ ಕಾಫಿ ಪುಡಿಯಂಥ ಕಪ್ಪು ಕೊಳೆಯಿದ್ದು ಬೆಕ್ಕು ಪದೇ ಪದೇ ತಲೆ ಒದರುತ್ತಿದ್ದರೆ ಕಿವಿಯ ನುಸಿಯೆಂದು ಅನುಮಾನಿಸಬೇಕು. ಚಿಗಟಕ್ಕೆಂದು ನಾಯಿಯ ಔಷಧವನ್ನು ಬೆಕ್ಕಿಗೆ ಹಚ್ಚಬೇಡಿ. ಅಂಥ ಹಲವು ಔಷಧಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕಿಗೆ ನಡುಕ, ಸೆಳವು ತಂದು ಕೊಲ್ಲಬಲ್ಲದು. ಬೀದಿಯಿಂದ ತಂದ ಬೆಕ್ಕಿಗೆ ಸ್ನಾನ ಮಾಡಿಸುವ ಉತ್ಸಾಹವೂ ಬೇಡ, ಅದು ತನ್ನ ಮೈಯನ್ನು ತಾನೇ ನೆಕ್ಕಿ ಶುಚಿ ಮಾಡಿಕೊಳ್ಳುತ್ತದೆ.

ಕ್ಲಿನಿಕ್‌ಗಳಲ್ಲಿ ಟ್ರೈಕ್ಯಾಟ್ ಎಂದು ಕರೆಯುವ ಲಸಿಕೆ ಪ್ಯಾನ್‌ಲ್ಯೂಕೋಪೀನಿಯ, ಹರ್ಪಿಸ್, ಕ್ಯಾಲಿಸಿ ಎಂಬ ಮೂರು ವೈರಸ್‌ಗಳ ವಿರುದ್ಧದ್ದು. ಮರಿಗೆ ಎಂಟೊಂಬತ್ತು ವಾರವಾದಾಗ ಮೊದಲ ಚುಚ್ಚುಮದ್ದು, ಮೂರ್ನಾಲ್ಕು ವಾರಗಳ ಅಂತರದಲ್ಲಿ ಮುಂದಿನವು. ಹನ್ನೆರಡು ವಾರದ ಹೊತ್ತಿಗೆ ರೇಬೀಸ್ ಲಸಿಕೆ. ಪ್ಯಾನ್‌ಲ್ಯೂಕೋಪೀನಿಯ ಮರಿಗಳ ಪಾಲಿಗೆ ಮೃತ್ಯುವೇ ಸರಿ: ವಾಂತಿ, ಭೇದಿ, ನೀರಿನ ಬಟ್ಟಲಿನ ಮುಂದೆ ತಲೆ ಜೋಲು ಹಾಕಿ ಕೂತು ಕುಡಿಯಲಾಗದಿರುವುದು ಅದರ ಲಕ್ಷಣಗಳು. ಆ ವೈರಸ್ ನೆಲದ ಮೇಲೆ ತಿಂಗಳುಗಟ್ಟಲೆ ಬದುಕುತ್ತದೆ. ಕಾಯಿಲೆಯಿಂದ ಬೆಕ್ಕು ಸತ್ತ ಜಾಗಕ್ಕೆ ಲಸಿಕೆಯಾಗದ ಹೊಸ ಮರಿಯನ್ನು ತರಬಾರದು. ಪಾತ್ರೆ, ನೆಲಗಳನ್ನು ತೊಳೆದು, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಮೂವತ್ತು ಪಾಲು ನೀರಿನಷ್ಟು ಬೆರೆಸಿ, ಹತ್ತು ನಿಮಿಷ ಒದ್ದೆಯಾಗಿ ಬಿಟ್ಟು ಆಮೇಲೆ ತೊಳೆಯಬೇಕು.

ಶಸ್ತ್ರಚಿಕಿತ್ಸೆಯನ್ನು ಗಂಡಿಗೂ ಹೆಣ್ಣಿಗೂ ಮಾಡಿಸಬೇಕು. ಗಂಡಿನಲ್ಲಿ ಜಗಳ, ಅಲೆದಾಟ, ಗೋಡೆಗೆ ಸಿಂಪಡಿಸುವ ಮೂತ್ರದ ಘಾಟು ಇಳಿಯುತ್ತವೆ. ಕಚ್ಚಾಟದಿಂದ ಹರಡುವ, ಬೆಕ್ಕಿನ ರೋಗನಿರೋಧಕ ಶಕ್ತಿಯನ್ನು ಕುಂದಿಸುವ ಎಫ್‌ಐವಿ ವೈರಸ್ ಸೋಂಕಿನ ಭಯವೂ ಕಡಿಮೆಯಾಗುತ್ತದೆ. ಒಂದು ಸಲ ಮರಿ ಹಾಕಿದ ಮೇಲೆ ಮಾಡಿಸಬೇಕೆಂಬ ನಂಬಿಕೆಗೆ ಆಧಾರವಿಲ್ಲ. ನಾಲ್ಕೈದು ತಿಂಗಳ, ಆರೋಗ್ಯವಾಗಿರುವ ಮರಿಗೆ ಮಾಡಿಸಬಹುದು. ಎಷ್ಟು ಹೊತ್ತು ಖಾಲಿ ಹೊಟ್ಟೆಯಲ್ಲಿರಬೇಕೆಂದು ವೈದ್ಯರನ್ನು ಕೇಳಿಕೊಂಡು, ಹಿಂದಿನ ರಾತ್ರಿಯೇ ಬೆಕ್ಕನ್ನು ಕೋಣೆಯೊಳಗೆ ಇರಿಸಿಕೊಳ್ಳಿ; ಹೊರಗಿದ್ದರೆ ಬೇರೆ ಮನೆಯಲ್ಲಿ ಉಂಡು ಬಂದಿರುತ್ತದೆ. ಮನೆಗೆ ತಂದ ಮೇಲೆ ಎಚ್ಚರ ಪೂರ್ತಿ ಮರಳುವ ತನಕ ಎತ್ತರದ ಜಾಗಕ್ಕೆ ಹತ್ತಲು ಬಿಡಬಾರದು. ಗಂಡನ್ನು ಒಂದೆರಡು ದಿನ, ಹೆಣ್ಣನ್ನು ವೈದ್ಯರು ಹೇಳಿದಷ್ಟು ದಿನ, ಸಾಮಾನ್ಯವಾಗಿ ಒಂದು ವಾರದ ಆಸುಪಾಸು, ಒಳಗಿಡಿ. ಹೊಲಿಗೆಯನ್ನು ನೆಕ್ಕದಂತೆ ಲಾಳಿಕೆಯಾಕಾರದ ಕೊರಳಪಟ್ಟಿ ಹಾಕಿ, ದಿನಕ್ಕೆರಡು ಬಾರಿ ಗಾಯ ನೋಡಿ. ಕೀವು, ಊತ, ಬಿಟ್ಟುಹೋದ ಹೊಲಿಗೆ ಕಂಡರೆ ಕಾಯಬೇಡಿ. ಕಿವಿಯ ತುದಿ ಗುರುತು ಮಾಡಲು ಇದೇ ಸಂದರ್ಭದಲ್ಲಿ ಹೇಳಿ, ಇಲ್ಲದಿದ್ದರೆ ಮುಂದೆ ಮತ್ತೊಬ್ಬರು ಅದೇ ಹೆಣ್ಣನ್ನು ಹಿಡಿದು ಮತ್ತೆ ಹೊಟ್ಟೆ ಕೊಯ್ಯಿಸುವ ಪ್ರಮೇಯ ಬರುತ್ತದೆ.

ಕಚ್ಚಿದರೆ, ಪರಚಿದರೆ

ಬೆಕ್ಕಿನಿಂದಲೂ ರೇಬೀಸ್ ಬರುತ್ತದೆ. ರಕ್ತ ಬಂದಿರಲಿ ಬಿಡಲಿ, ಚರ್ಮ ಹರಿದಿದ್ದರೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಖಾರದಪುಡಿ ಹಚ್ಚುವುದು ಅಪಾಯ. ಚರ್ಮದ ಪದರಕ್ಕೆ ಕೊಡುವ ಲಸಿಕೆಯಾದರೆ ಮೊದಲ ದಿನವನ್ನು ಸೊನ್ನೆಯೆಂದು ಎಣಿಸಿ 0, 3, 7, 28ನೇ ದಿನಗಳಲ್ಲಿ ಹಾಕುತ್ತಾರೆ, ಸ್ನಾಯುವಿಗೆ ಕೊಡುವುದಾದರೆ 14ನೇ ದಿನವೂ ಸೇರುತ್ತದೆ. ಚರ್ಮ ತೂರಿ ರಕ್ತ ಬಂದ ಗಾಯಕ್ಕೆ ಇಮ್ಯುನೋಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು ಕೂಡ ಬೇಕಾಗುತ್ತದೆ. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕೆ ಇಳಿಯುವುದರಿಂದ ಮೇಲೆ ಚಿಕ್ಕದಾಗಿ ಕಾಣುವ ಗಾಯವೂ ಒಂದೇ ದಿನದಲ್ಲಿ ಬಾತುಕೊಳ್ಳಬಹುದು, ಪ್ರತಿಜೈವಿಕ ಬೇಕೇ ಎಂದು ವೈದ್ಯರನ್ನು ಕೇಳಿ. ಗರ್ಭಿಣಿಯರಿರುವ ಮನೆಯಲ್ಲಿ ಬೆಕ್ಕನ್ನು ಹೊರಹಾಕಬೇಕಾಗಿಲ್ಲ. ಗರ್ಭದಲ್ಲಿರುವ ಶಿಶುವಿಗೆ ಹಾನಿ ಮಾಡಬಲ್ಲ ಟಾಕ್ಸೊಪ್ಲಾಸ್ಮಾ ರೋಗಾಣು ಬೆಕ್ಕಿನ ಮಲದಲ್ಲಿ ಹೊರಬಿದ್ದ ಮೇಲೆ ಸೋಂಕು ತರುವ ಸ್ಥಿತಿಗೆ ಬರಲು ಕನಿಷ್ಠ ಒಂದು ದಿನ ಬೇಕಾಗುವುದರಿಂದ, ಮಲದ ತಟ್ಟೆಯನ್ನು ದಿನವೂ, ಬೇರೆಯವರು, ಕೈಗವಸು ತೊಟ್ಟು ಶುಚಿಗೊಳಿಸಿದರೆ ಸಾಕು.

ಆರನೇ ಹಂತ: ಒಳಗೋ ಹೊರಗೋ

ಒಗ್ಗಿದ ಬೆಕ್ಕಾದರೆ ಮನೆಯೊಳಗೇ ಇಟ್ಟುಕೊಳ್ಳುವುದು ಮೇಲು ಎಂದು ನಾನು ಹೇಳುತ್ತೇನೆ. ಅದರ ಆಯುಸ್ಸಿಗೂ ಒಳ್ಳೆಯದು, ಅಂಗಳದ ಹಕ್ಕಿಗಳಿಗೂ ಒಳ್ಳೆಯದು. ಮೊದಲು ಒಂದು ಕೋಣೆ ಸಾಕು. ಅಲ್ಲಿ ಅಡಗಲು ಒಂದು ರಟ್ಟಿನ ಡಬ್ಬಿ, ಒಂದು ಮೂಲೆಯಲ್ಲಿ ಊಟ ನೀರು, ಎದುರಿನ ಮೂಲೆಯಲ್ಲಿ ಮರಳಿನ ತಟ್ಟೆ. ಉಗುರಿನಿಂದ ಕೆದರಿ ಮುಚ್ಚಲು ಮೂರು ಬೆರಳಿನಷ್ಟು ಆಳಕ್ಕೆ ಮರಳೋ ಅಂಗಡಿಯ ಲಿಟರ್ರೋ ಇದ್ದರೆ ಬಹುತೇಕ ಬೆಕ್ಕುಗಳಿಗೆ ಬೇರೆ ಪಾಠ ಬೇಕಾಗುವುದಿಲ್ಲ. ಮನೆಯಲ್ಲಿ ಬೇರೆ ಬೆಕ್ಕಿದ್ದರೆ ಎರಡು ವಾರ ಇವೆರಡೂ ಭೇಟಿಯಾಗದಂತೆ ನೋಡಿಕೊಂಡು, ಒಂದರ ಹಾಸುಬಟ್ಟೆಯನ್ನು ಇನ್ನೊಂದರ ಬಳಿ ಇಟ್ಟು ವಾಸನೆಯ ಪರಿಚಯ ಮಾಡಿಸಿ, ಆಮೇಲೆ ಮುಚ್ಚಿದ ಬಾಗಿಲಿನ ಎರಡೂ ಬದಿ ಊಟ ಹಾಕಿ, ಕೊನೆಗೆ ಬಾಗಿಲು ತೆರೆಯಿರಿ. ಅಪಾರ್ಟ್‌ಮೆಂಟಿನ ಬಾಲ್ಕನಿಗೆ ಬಲೆ ಬಿಗಿಸದೆ ಬೆಕ್ಕನ್ನು ಅತ್ತ ಬಿಡಲೇಬೇಡಿ. ಬೆಕ್ಕು ಕಾಲಿನ ಮೇಲೆಯೇ ಬೀಳುತ್ತದೆ ನಿಜ, ಆದರೆ ದವಡೆ, ಎದೆಗೂಡು ಒಡೆಯುವುದನ್ನು ಅದು ತಪ್ಪಿಸುವುದಿಲ್ಲ.

ಹೊರಗೇ ಇರುವ ಬೆಕ್ಕಿಗೆ, ಮುಖ್ಯವಾಗಿ ಮಲೆನಾಡು ಕರಾವಳಿಗಳ ಮಳೆಗಾಲಕ್ಕೆ, ಥರ್ಮಾಕೋಲಿನ ಮೀನಿನ ಪೆಟ್ಟಿಗೆಯನ್ನು ತೊಳೆದು, ಒಂದು ಬದಿಗೆ ಬೆಕ್ಕು ನುಸುಳುವಷ್ಟೇ ತೂತು ಕೊರೆದು, ಇಟ್ಟಿಗೆಯ ಮೇಲೆ ಎತ್ತರಿಸಿಟ್ಟರೆ ಬೆಚ್ಚನೆಯ ಗೂಡಾಗುತ್ತದೆ. ಒಳಗೆ ಬಟ್ಟೆಗಿಂತ ಒಣಹುಲ್ಲು ಲೇಸು. ಬಟ್ಟೆ ನೀರು ಹೀರಿ ತಣ್ಣಗಾಗುತ್ತದೆ. ಚಳಿಗಾಲದ ಬೆಳಿಗ್ಗೆ ಕಾರು ಚಾಲೂ ಮಾಡುವ ಮೊದಲು ಬಾನೆಟ್ಟನ್ನು ಎರಡು ಸಲ ತಟ್ಟಿ, ಬೆಚ್ಚಗಿರಲೆಂದು ಬೆಕ್ಕು ಎಂಜಿನ್ನಿನ ಬಳಿ ಮಲಗಿರಬಹುದು. ದೀಪಾವಳಿಯ ಪಟಾಕಿಯ ದಿನಗಳಲ್ಲಿ ಸಾಧ್ಯವಾದರೆ ಒಳಗೆ ಕೂಡಿಕೊಳ್ಳಿ.

ಮನೆಯೊಳಗಿನ ವಿಷಗಳನ್ನು ತಿಳಿದಿರಬೇಕು. ಡೋಲೋ, ಕ್ರೋಸಿನ್ ಎಂಬ ಹೆಸರುಗಳಲ್ಲಿ ಎಲ್ಲರ ಮನೆಯಲ್ಲಿರುವ ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು, ಜ್ವರವೆಂದು ಅದನ್ನು ಎಂದೂ ಕೊಡಬೇಡಿ. ನೀರಿಗೆ ಬೆರೆಸಿದರೆ ಬೆಳ್ಳಗಾಗುವ ಫಿನಾಯಿಲ್‌ನಿಂದ ಒರೆಸಿದ ನೆಲದಲ್ಲಿ ನಡೆದು ಪಾದ ನೆಕ್ಕಿದರೂ ತೊಂದರೆಯಾಗಬಹುದು. ನುಸಿಗುಳಿಗೆ, ಇಲಿಪಾಷಾಣ, ಹೂಗುಚ್ಛಗಳಲ್ಲಿ ಬರುವ ದೊಡ್ಡ ಹೂವಿನ ಲಿಲ್ಲಿ, ಇವೂ ಅಪಾಯಕಾರಿ. ಲಿಲ್ಲಿಯ ಪರಾಗ ಮೈಗೆ ಅಂಟಿ ಅದನ್ನು ನೆಕ್ಕಿದರೂ ಮೂತ್ರಪಿಂಡ ಕೆಡುತ್ತದೆ.

ಕಾಯದೆ ಓಡಬೇಕಾದ ಸಂದರ್ಭಗಳು ಕೆಲವಿವೆ. ಗಂಡು ಬೆಕ್ಕು ಪದೇ ಪದೇ ಮೂತ್ರಕ್ಕೆ ಕೂತು, ತಿಣುಕಿ,  ಹನಿಯೂ ಬಾರದೆ ಕೂಗುತ್ತಿದ್ದರೆ ಮೂತ್ರನಾಳ ಕಟ್ಟಿದೆ. ಇದನ್ನು ಮಲಬದ್ಧತೆಯೆಂದು ತಪ್ಪು ತಿಳಿದು ಎರಡು ದಿನ ಕಳೆದರೆ ಜೀವ ಉಳಿಯುವುದಿಲ್ಲ. ಬಾಯಿ ತೆರೆದು ಏದುಸಿರು ಬಿಡುವುದು, ಹಿಂಗಾಲು ಎಳೆಯುವುದು, ಒಂದು ದಿನ ಪೂರ್ತಿ ಏನನ್ನೂ ತಿನ್ನದಿರುವುದು ಕೂಡ ಹಾಗೆಯೇ. ಬೆಕ್ಕು ಎರಡು ಮೂರು ದಿನ ಉಪವಾಸವಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಬೇರೆಯೇ ಕಾಯಿಲೆ ಹಿಡಿಯುತ್ತದೆ.

ನೆರೆಹೊರೆ ಮತ್ತು ಕಾನೂನು

ಆಕ್ಷೇಪಗಳು ಬರುವುದು ಹೆಚ್ಚಾಗಿ ಮಲ, ವಾಸನೆ, ರಾತ್ರಿಯ ಕೂಗಾಟಗಳ ಬಗ್ಗೆ. ಅಂಗಳದ ಮೂಲೆಯಲ್ಲಿ ಮರಳಿನ ಗುಂಡಿಯೊಂದನ್ನು ಮಾಡಿ ದಿನವೂ ತೆಗೆದರೆ ಮೊದಲೆರಡು, ಶಸ್ತ್ರಚಿಕಿತ್ಸೆಯಿಂದ ಮೂರನೆಯದು ತಗ್ಗುತ್ತವೆ. ವಾದಕ್ಕೆ ಇಳಿಯುವ ಮೊದಲು ಶಸ್ತ್ರಚಿಕಿತ್ಸೆಯ ಚೀಟಿ ತೋರಿಸುವುದು ಹೆಚ್ಚು ಫಲಕಾರಿ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಸಮುದಾಯ ಪ್ರಾಣಿಗಳ, ಅಂದರೆ ಒಡೆಯರಿಲ್ಲದೆ ಬಡಾವಣೆಯಲ್ಲೇ ಬಾಳುವ ಪ್ರಾಣಿಗಳ, ಊಟಕ್ಕೆ ಜಾಗ ಗೊತ್ತುಮಾಡುವ ಹೊಣೆಯನ್ನು ನಿವಾಸಿಗಳ ಸಂಘದ ಮೇಲೆ ಹೊರಿಸಿವೆ. ಆ ಜಾಗ ಮೆಟ್ಟಿಲು, ಪ್ರವೇಶದ್ವಾರ, ಮಕ್ಕಳ ಆಟದ ಸ್ಥಳಗಳಿಂದ ದೂರವಿರಬೇಕು, ಊಟ ಹಾಕುವವರು ಕಸ ಮಾಡಬಾರದು ಎಂದೂ ಹೇಳಿವೆ. ಚೀಲದಲ್ಲಿ ಕಟ್ಟಿ ಮೀನು ಮಾರುಕಟ್ಟೆಯ ಬಳಿ ಬಿಟ್ಟುಬರುವುದು ಪರಿಹಾರವಲ್ಲ. ಹಸಿವು ಬಾಯಾರಿಕೆಗೆ ಗುರಿಯಾಗುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ. ವಿಷವಿಟ್ಟು ಕೊಲ್ಲುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಐದು ವರ್ಷದವರೆಗೆ ಶಿಕ್ಷೆಗೆ ಅರ್ಹವಾದ ಅಪರಾಧ.

ಮನೆ ಬದಲಾಯಿಸುವವರು ಅಂಗಳದ ಬೆಕ್ಕಿನ ವಿಷಯವನ್ನು ಕೊನೆಯ ದಿನದವರೆಗೆ ಮುಂದೂಡಬಾರದು. ಹೊರಡುವ ಒಂದು ತಿಂಗಳ ಮೊದಲೇ ಊಟ ಹಾಕಲು ಒಪ್ಪುವ ಒಬ್ಬರನ್ನು ಹುಡುಕಿ, ಮೊದಲ ವಾರ ನೀವಿಬ್ಬರೂ ಒಟ್ಟಿಗೆ ತಟ್ಟೆ ಇಡಿ, ಆಮೇಲೆ ಅವರು ಇಟ್ಟು ನೀವು ದೂರದಲ್ಲಿ ನಿಲ್ಲಿ, ಕೊನೆಯ ವಾರ ಅವರೊಬ್ಬರೇ ಇಡಲಿ. ತಟ್ಟೆ, ಕರೆಯುವ ಸದ್ದು, ಪೆಟ್ಟಿಗೆ, ಲಸಿಕೆಯ ಪುಸ್ತಕ, ವೈದ್ಯರ ಫೋನ್ ಸಂಖ್ಯೆ ಇಷ್ಟನ್ನೂ ಅವರ ಕೈಗೆ ಒಪ್ಪಿಸಿ. ಹುಳುವಿನ ಔಷಧದ ಮುಂದಿನ ಸರದಿ ಬೆಳೆದ ಬೆಕ್ಕಿಗೆ ಮೂರು ತಿಂಗಳಿಗೊಮ್ಮೆ ಬರುತ್ತದೆ, ಆ ದಿನಾಂಕವನ್ನೂ ಪುಸ್ತಕದ ಮೇಲೆಯೇ ಬರೆದುಕೊಡಿ.